ಆರಂಭಿಕ ರೋಮನ್ ತಾಮ್ರ-ಹಿತ್ತಾಳೆ ನಾಣ್ಯಗಳ ಮೇಲ್ಮುದ್ರೆ: ಗುರುತಿಸುವ ಸಮಗ್ರ ಮಾರ್ಗದರ್ಶಿ

ಅಗಸ್ಟಸ್‌ನಿಂದ ನೀರೋವರೆಗಿನ ಚಕ್ರವರ್ತಿಗಳ ತಾಮ್ರ ಮತ್ತು ಹಿತ್ತಾಳೆ ನಾಣ್ಯಗಳಲ್ಲಿ ಕೆಲವಕ್ಕೆ ತಲೆಯ ಹಿಂದೆಯೋ ಕತ್ತಿನ ಮೇಲೋ ಚಿಕ್ಕದೊಂದು ತಗ್ಗು ಇರುತ್ತದೆ. ತಗ್ಗಿನೊಳಗೆ ಎರಡೋ ಮೂರೋ ಅಕ್ಷರ ಉಬ್ಬಿಕೊಂಡಿರುತ್ತವೆ. ನಾಣ್ಯ ಟಂಕಶಾಲೆಯಿಂದ ಹೊರಬಿದ್ದು, ಚಲಾವಣೆಯಲ್ಲಿ ಸವೆದ ಮೇಲೆ, ಅಧಿಕಾರದಲ್ಲಿದ್ದ ಯಾರದೋ ಅಪ್ಪಣೆಯಂತೆ ತಣ್ಣನೆಯ ಲೋಹದ ಮೇಲೆ ಪಂಚ್ (ತುದಿಯಲ್ಲಿ ಅಕ್ಷರ ಕೊರೆದ ಲೋಹದ ಕಡ್ಡಿ) ಇಟ್ಟು ಸುತ್ತಿಗೆಯಿಂದ ಹೊಡೆದ ಗುರುತು ಅದು. ಸಂಗ್ರಾಹಕರು ಕೌಂಟರ್‌ಮಾರ್ಕ್ ಎನ್ನುವುದು ಇದಕ್ಕೇ. ಇಲ್ಲಿ ಮೇಲ್ಮುದ್ರೆ ಎಂದೇ ಕರೆಯೋಣ.

ಹೀಗೆ ಹೊಡೆಯುತ್ತಿದ್ದುದಕ್ಕೆ ಕಾರಣ ಒಂದೇ ಅಲ್ಲ. ಸವೆದ ನಾಣ್ಯ ಇನ್ನೂ ಚಲಾವಣೆಗೆ ಯೋಗ್ಯ ಎಂದು ಸಾರಲು, ತೂಕ ಕಡಿಮೆಯಿದ್ದ ನಾಣ್ಯದ ಬೆಲೆ ಇಳಿಸಲು, ಸೈನಿಕರಿಗೆ ಇನಾಮು ಹಂಚುವಾಗ ಕೊಟ್ಟವನ ಹೆಸರು ಕಾಣಲು, ದಂಗೆಯ ಕಾಲದಲ್ಲಿ ನಿಷ್ಠೆ ಯಾರ ಕಡೆಗೆಂದು ತೋರಿಸಲು ಹೊಡೆದದ್ದುಂಟು. ಯಾವ ಮುದ್ರೆಗೆ ಯಾವ ಕಾರಣ ಎಂಬುದು ಅಕ್ಷರದಿಂದಷ್ಟೇ ತಿಳಿಯುವುದಿಲ್ಲ. ಹೊಸಬರು ಎಡವುವುದು ಇಲ್ಲೇ: ಮೊದಲೇ ಅಕ್ಷರ ಓದಲು ಕೂರುತ್ತಾರೆ, ಅರ್ಧ ಕಂಡದ್ದನ್ನು ಪಟ್ಟಿಯಲ್ಲಿರುವ ಯಾವುದೋ ಹೆಸರಿಗೆ ಜೋಡಿಸಿಬಿಡುತ್ತಾರೆ. ಮೊದಲು ಮೂಲ ನಾಣ್ಯ, ಆಮೇಲೆ ಪಂಚ್‌ನ ಆಕಾರ ಮತ್ತು ಜಾಗ, ಕೊನೆಗೆ ಅಕ್ಷರ. ಈ ಕ್ರಮ ತಪ್ಪಿದರೆ ಅಪರೂಪದ ಮುದ್ರೆಗಳು ಎಲ್ಲೆಲ್ಲೂ ಕಾಣತೊಡಗುತ್ತವೆ.

ಬರವಣಿಗೆಯ ಅನುಕೂಲಕ್ಕೆ ಲ್ಯಾಟಿನ್ ಅಕ್ಷರಗಳನ್ನು ಇಂಗ್ಲಿಷಿನಲ್ಲಿ ಕರೆಯುವ ಹೆಸರಿನಿಂದಲೇ ಬಿಡಿಸಿ ಬರೆದಿದೆ: ಐ-ಎಂ-ಪಿ, ಎ-ವಿ-ಜಿ ಹೀಗೆ. ರೋಮನ್ನರ ಬರಹದಲ್ಲಿ ‘ಯು’ಗೂ ‘ವಿ’ ಅಕ್ಷರವೇ.

ಏನೇನು ಬೇಕು

ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್, 0.01 ಗ್ರಾಂವರೆಗೆ ತೋರಿಸುವ ತಕ್ಕಡಿ, ವರ್ನಿಯರ್ ಕ್ಯಾಲಿಪರ್, ಬೇಕಾದ ಕಡೆಗೆ ಬಗ್ಗಿಸಬಹುದಾದ ಒಂದು ಟೇಬಲ್ ಲ್ಯಾಂಪ್, ಫೋನಿನ ಕ್ಯಾಮೆರಾ. ಇವಿಷ್ಟು ಸಾಕು. ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಒಂದು ತುಂಡು ಇಟ್ಟುಕೊಳ್ಳಿ, ಅದರ ಉಪಯೋಗ ಮುಂದೆ ಬರುತ್ತದೆ.

ಹುಣಸೆಹಣ್ಣು, ನಿಂಬೆರಸ, ಪೀತಾಂಬರಿ ಪುಡಿ ಹತ್ತಿರ ಸುಳಿಯಬಾರದು. ದೇವರ ಮನೆಯ ಹಿತ್ತಾಳೆಗೆ ಅವು ಸರಿ. ಎರಡು ಸಾವಿರ ವರ್ಷದ ನಾಣ್ಯದಲ್ಲಿ ಅಕ್ಷರದ ಅಂಚು ಉಳಿದಿರುವುದೇ ಗಟ್ಟಿಯಾದ ಕಿಲುಬಿನ ಪದರದಲ್ಲಿ. ಹುಳಿ ಆ ಪದರವನ್ನು ಕರಗಿಸಿದರೆ ಕೆಳಗೆ ಸಿಗುವುದು ಗುಳಿಬಿದ್ದ ಕೆಂಪು ತಾಮ್ರ ಮಾತ್ರ. ಮಣ್ಣು ಮೆತ್ತಿದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ನೆನೆಹಾಕಿ, ದಿನಕ್ಕೊಮ್ಮೆ ನೀರು ಬದಲಿಸಿ, ಮೆತ್ತಗಾದ ಮಣ್ಣನ್ನು ಬಿದಿರಿನ ಟೂತ್‌ಪಿಕ್‌ನಿಂದ ಎಬ್ಬಿಸಿ. ಸೂಜಿ ಬೇಡ. ತಗ್ಗಿನ ತಳದಲ್ಲಿ ಸೂಜಿ ಎಳೆದ ಗೆರೆ ಆಮೇಲೆ ಅಕ್ಷರದ ಕಾಲಿನಂತೆಯೇ ಕಾಣುತ್ತದೆ.

ತಿಳಿ ಹಸಿರಿನ ಪುಡಿ ಉದುರುತ್ತಿದ್ದರೆ ಅದು ಬ್ರಾಂಜ್ ಡಿಸೀಸ್. ಲೋಹದೊಳಗಿನ ಕ್ಲೋರೈಡ್‌ಗೆ ತೇವ ಸೇರಿ ನಾಣ್ಯವನ್ನು ತಿನ್ನುತ್ತಿದೆ ಎಂದರ್ಥ. ಓದುವ ಕೆಲಸ ಆಮೇಲೆ. ಮೊದಲು ಉಳಿದ ನಾಣ್ಯಗಳಿಂದ ಬೇರೆ ಮಾಡಿ, ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡಿ. ಮಳೆಗಾಲದಲ್ಲಿ ಮಂಗಳೂರು, ಉಡುಪಿ ಕಡೆಯವರು ಆ ಜೆಲ್ಲನ್ನು ಆಗಾಗ ಒಣಗಿಸುತ್ತಲೇ ಇರಬೇಕು.

ಹಂತ 1: ಅದು ಮೇಲ್ಮುದ್ರೆ ಹೌದೋ ಅಲ್ಲವೋ

ನಿಜವಾದ ಮೇಲ್ಮುದ್ರೆಗೆ ಮೂರು ಲಕ್ಷಣ. ಒಂದು, ತಗ್ಗಿಗೆ ಖಚಿತವಾದ ಅಂಚು: ಆಯತ, ವೃತ್ತ ಅಥವಾ ಅಂಡಾಕಾರ. ಎರಡು, ತಗ್ಗಿನೊಳಗಿನ ಅಕ್ಷರವೋ ಚಿತ್ರವೋ ಉಬ್ಬಿರುತ್ತದೆ, ಕೊರೆದದ್ದಲ್ಲ. ಮೂರು, ನಾಣ್ಯ ತಿರುಗಿಸಿದರೆ ಸರಿಯಾಗಿ ಅದರ ಬೆನ್ನಿಗೆ ಚಿತ್ರ ಚಪ್ಪಟೆಯಾಗಿರುತ್ತದೆ. ಅಡಿಗಲ್ಲಿನ ಮೇಲೆ ಇಟ್ಟು ಹೊಡೆದಾಗ ಕೆಳಗಿನ ಉಬ್ಬು ಒತ್ತಿಹೋಗುತ್ತದೆ. ಅಡಿಯಲ್ಲಿ ಮರದಂಥ ಮೆತ್ತನೆಯ ವಸ್ತು ಇದ್ದರೆ ಚಪ್ಪಟೆಯಾಗುವ ಬದಲು ಹೊರಕ್ಕೆ ಉಬ್ಬಬಹುದು. ದೊಡ್ಡ ಹಿತ್ತಾಳೆ ನಾಣ್ಯವಾದ ದಪ್ಪನೆಯ ಸೆಸ್ಟರ್ಷಿಯಸ್‌ನಲ್ಲಿ ಈ ಮೂರನೇ ಲಕ್ಷಣ ಮಂಕಾಗಿರುತ್ತದೆ. ಬೆರಳು ಸವರಿ ನೋಡಿದರೆ ಕಣ್ಣಿಗಿಂತ ಚೆನ್ನಾಗಿ ತಿಳಿಯುತ್ತದೆ.

ಉಳಿಯೇಟಿನ ಗೆರೆ ಒಂದೇ ದಿಕ್ಕಿಗೆ, ಬರೀ ಸೀಳಿನಂತೆ ಇರುತ್ತದೆ. ಒಳಗಿನ ಲೋಹ ಪರೀಕ್ಷಿಸಲು ಹೊಡೆದದ್ದು. ಮೊನೆಯಿಂದ ಗೀಚಿದ ಹೆಸರಿಗೆ ಚೌಕಟ್ಟು ಇರುವುದಿಲ್ಲ. ತುಕ್ಕು ತಿಂದ ಗುಳಿಗೆ ಅಂಚು ನೇರವಾಗಿರುವುದಿಲ್ಲ.

ನಮ್ಮ ಓದುಗರು ಇನ್ನೆರಡು ವಿಷಯ ಬೆರೆಸದಿರಲಿ. ಭಾರತದ ಪಂಚ್‌ಮಾರ್ಕ್ ನಾಣ್ಯದಲ್ಲಿ ಪಂಚ್‌ಗಳೇ ಮೂಲ ವಿನ್ಯಾಸ, ಅವಿಲ್ಲದಿದ್ದರೆ ಅದು ಬರೀ ಬೆಳ್ಳಿಯ ತುಂಡು. ನಹಪಾನನ ಬೆಳ್ಳಿ ನಾಣ್ಯಗಳ ಮೇಲೆ ಗೌತಮೀಪುತ್ರ ಶಾತಕರ್ಣಿ ಹೊಡೆಸಿದ್ದು, ಅಂದರೆ ನಾಸಿಕದ ಜೋಗಲ್‌ಥಂಬಿ ನಿಧಿಯಲ್ಲಿ ರಾಶಿರಾಶಿಯಾಗಿ ಸಿಕ್ಕದ್ದು, ಪೂರ್ತಿ ಅಚ್ಚಿನಿಂದ ಮತ್ತೆ ಟಂಕಿಸಿದ್ದು. ಮೇಲ್ಮುದ್ರೆ ನಾಣ್ಯದ ಒಂದು ಮೂಲೆಯನ್ನಷ್ಟೇ ಹಿಡಿಯುತ್ತದೆ, ಉಳಿದದ್ದನ್ನು ಮುಟ್ಟುವುದಿಲ್ಲ.

ಹಂತ 2: ಮೂಲ ನಾಣ್ಯ ಯಾವುದು

ತೂಕ, ವ್ಯಾಸ, ಲೋಹದ ಬಣ್ಣ ಬರೆದುಕೊಳ್ಳಿ. ಸೆಸ್ಟರ್ಷಿಯಸ್ ಹಿತ್ತಾಳೆಯದು, ಸುಮಾರು 25 ಗ್ರಾಂ, 32ರಿಂದ 36 ಮಿ.ಮೀ. ಡುಪೊಂಡಿಯಸ್ ಕೂಡ ಹಿತ್ತಾಳೆ, 12–13 ಗ್ರಾಂ, 27–29 ಮಿ.ಮೀ. ಆಸ್ ತಾಮ್ರದ್ದು, 10–11 ಗ್ರಾಂ, 25–28 ಮಿ.ಮೀ. ಸವೆತದಿಂದ ಒಂದೆರಡು ಗ್ರಾಂ ಹೋಗಿರುವುದು ಸಾಮಾನ್ಯ. ಕಿಲುಬು ಕಟ್ಟಿದ್ದರೆ ಬಣ್ಣ ನಂಬಬೇಡಿ. ಅಂಚಿನಲ್ಲಿ ಎಲ್ಲಾದರೂ ಲೋಹ ಇಣುಕುತ್ತಿದ್ದರೆ ಅಲ್ಲಿ ಹಳದಿಯೋ ಕೆಂಪೋ ನೋಡಿ.

ಇನ್ನು ಚಿತ್ರ. ಮೇಲ್ಮುದ್ರೆ ಹೆಚ್ಚಾಗಿ ಬೀಳುವ ಮೂಲ ನಾಣ್ಯಗಳನ್ನು ಕಣ್ಣು ಮುಚ್ಚಿದರೂ ಗುರುತಿಸುವಂತಾಗಬೇಕು.

ನೆಮಾಸುಸ್‌ದು, ಅಂದರೆ ಈಗಿನ ಫ್ರಾನ್ಸಿನ ನೀಮ್ ಪಟ್ಟಣದ್ದು, ಎಲ್ಲಕ್ಕಿಂತ ಸುಲಭ. ಒಂದು ಬದಿಯಲ್ಲಿ ಅಗ್ರಿಪ್ಪ ಮತ್ತು ಅಗಸ್ಟಸ್ ಬೆನ್ನಿಗೆ ಬೆನ್ನು ಕೊಟ್ಟ ತಲೆಗಳು, ಇನ್ನೊಂದು ಬದಿಯಲ್ಲಿ ತಾಳೆ ಮರಕ್ಕೆ ಸರಪಳಿಯಿಂದ ಕಟ್ಟಿದ ಮೊಸಳೆ. ಎಷ್ಟೇ ಸವೆದರೂ ಮೊಸಳೆಯ ಬೆನ್ನಿನ ಗೆರೆ ಉಳಿದಿರುತ್ತದೆ. ಇದನ್ನು ಚಿಲ್ಲರೆಗಾಗಿ ಎರಡು ತುಂಡು ಮಾಡಿದ್ದೂ ಬೇಕಾದಷ್ಟಿದೆ. ಕತ್ತರಿಸಿದ ಗೆರೆ ಮುದ್ರೆಯನ್ನೇ ಸೀಳಿದ್ದರೆ ಮುದ್ರೆ ಮೊದಲು, ತುಂಡು ಮಾಡಿದ್ದು ಆಮೇಲೆ.

ಲುಗ್ಡುನುಮ್, ಅಂದರೆ ಈಗಿನ ಲಿಯೋನ್, ಬಲಿಪೀಠದ ಸರಣಿ ಎಲ್ಲಕ್ಕಿಂತ ಮುಖ್ಯ. ಹಿಂಬದಿಯಲ್ಲಿ ನಡುವೆ ಬಲಿಪೀಠ, ಎರಡೂ ಪಕ್ಕ ಕಂಬ, ಕಂಬದ ಮೇಲೆ ವಿಜಯದೇವತೆ, ಕೆಳಗೆ ‘ರೋಮ್ ಎಟ್ ಆಗ್’ ಎಂಬ ಬರಹ. ಇದರಲ್ಲಿ ಎರಡು ಸರಣಿಗಳಿದ್ದು, ಅವನ್ನು ಬೇರ್ಪಡಿಸುವುದರ ಮೇಲೆ ಮುಂದಿನ ಎಲ್ಲವೂ ನಿಂತಿದೆ. ಮೊದಲ ಸರಣಿ ಕ್ರಿ.ಪೂ.ದ ಕೊನೆಯ ದಶಕಗಳದ್ದು. ಮುಂಬದಿಯ ಬರಹ ಚಿಕ್ಕದು, ‘ಸೀಸರ್ ಪಾಂಟ್ ಮ್ಯಾಕ್ಸ್’. ಎರಡನೆಯದು ಕ್ರಿ.ಶ. 10ರ ಆಸುಪಾಸಿನಿಂದ 14ರವರೆಗಿನದು. ಅದರಲ್ಲಿ ಅಗಸ್ಟಸ್ ಇದ್ದರೆ ‘ಪಾಟೆರ್ ಪಾಟ್ರಿಯೆ’ ಎಂದು ಮುಗಿಯುವ ಉದ್ದನೆಯ ಬರಹ. ಟೈಬೀರಿಯಸ್ ಇದ್ದರೆ ‘ಇಂಪೆರಾಟ್’ ಎಂಬುದರ ಮುಂದೆ 5 ಅಥವಾ 7ರ ರೋಮನ್ ಅಂಕಿ. ಬರಹ ಸವೆದಿದ್ದರೂ ಅಕ್ಷರಗಳ ಅಂತರ ನೋಡಿ. ಅಂಚಿನ ಸುತ್ತ ಒತ್ತೊತ್ತಾಗಿ ಚಿಕ್ಕ ಅಕ್ಷರಗಳ ನೆರಳು ಕಂಡರೆ ಎರಡನೆಯದು, ಬಿಡಿಬಿಡಿಯಾಗಿ ದೊಡ್ಡ ಅಕ್ಷರ ಕಂಡರೆ ಮೊದಲನೆಯದು.

ಇವಲ್ಲದೆ ದೊಡ್ಡ ‘ಎಸ್ ಸಿ’ ಅಕ್ಷರಗಳಿರುವ ರೋಮಿನ ನಾಣ್ಯಗಳು, ಅಗ್ರಿಪ್ಪನ ತಲೆ ಮತ್ತು ನೆಪ್ಚೂನ್ ಇರುವ ಆಸ್, ಕ್ಲಾಡಿಯಸ್‌ನ ಸೆಸ್ಟರ್ಷಿಯಸ್ ಮತ್ತು ಡುಪೊಂಡಿಯಸ್, ನೀರೋನ ಲುಗ್ಡುನುಮ್ ನಾಣ್ಯಗಳು (ಕತ್ತಿನ ತುದಿಗೆ ಪುಟ್ಟ ಗೋಳ ಇರುವುದೇ ಗುರುತು), ಸ್ಪೇನ್, ತ್ರೇಸ್, ಸಿರಿಯಾ, ಜುಡೇಯಾದ ಊರು ನಾಣ್ಯಗಳು.

ಮೂಲ ನಾಣ್ಯದ ಕಾಲವೇ ಮುದ್ರೆಯ ಹಳೆಯ ಗಡಿ. ನಾಣ್ಯಕ್ಕಿಂತ ಮುಂಚೆ ಅದರ ಮೇಲೆ ಮುದ್ರೆ ಬೀಳಲು ಸಾಧ್ಯವಿಲ್ಲ ಎನ್ನುವಷ್ಟು ಸರಳ ಮಾತು, ಆದರೆ ಮಾರಾಟದ ಪಟ್ಟಿಗಳಲ್ಲಿ ಇದನ್ನೇ ಮರೆತಿರುತ್ತಾರೆ.

ಹಂತ 3: ಪಂಚ್‌ನ ಆಕಾರ, ಅಳತೆ, ಜಾಗ

ಚೌಕಟ್ಟಿನ ಉದ್ದ-ಅಗಲವನ್ನು ಮಿ.ಮೀ.ನಲ್ಲಿ ಅಳೆಯಿರಿ. ಪೂರ್ತಿ ಬೀಳದಿದ್ದರೆ ಕಂಡಷ್ಟು ಅಳೆದು ‘ಕನಿಷ್ಠ’ ಎಂದು ಬರೆಯಿರಿ. ಜಾಗವನ್ನು ಗಡಿಯಾರದ ಮುಳ್ಳಿನಂತೆ ಹೇಳುವುದು ಒಳ್ಳೆಯದು: ತಲೆ ನೆಟ್ಟಗಿರುವಂತೆ ಹಿಡಿದಾಗ ಮುದ್ರೆ 4 ಗಂಟೆಯ ಕಡೆಗಿದೆ, ಅಕ್ಷರದ ತಲೆ 9 ಗಂಟೆಯ ಕಡೆಗಿದೆ, ಹೀಗೆ. ಮುದ್ರೆ ಚಕ್ರವರ್ತಿಯ ಮುಖ ತಪ್ಪಿಸಿ ಬಿದ್ದಿದೆಯೋ, ಬೇಕೆಂದೇ ಕತ್ತಿಗೆ ಬಿದ್ದಿದೆಯೋ ಗಮನಿಸಿ. ಮುಖ ತಪ್ಪಿಸಿದ ಕೈ ಆ ಚಕ್ರವರ್ತಿಗೆ ಬಹುಶಃ ವಿರೋಧಿಯಲ್ಲ.

ಒಂದಕ್ಕಿಂತ ಹೆಚ್ಚು ಮುದ್ರೆ ಇದ್ದರೆ ಅವು ಒಂದರ ಮೇಲೊಂದು ಹತ್ತಿದ ಜಾಗವನ್ನು ಹುಡುಕಿ. ಯಾವುದರ ಅಂಚು ಪೂರ್ತಿಯಾಗಿದೆಯೋ ಅದು ಆಮೇಲಿನದು, ಯಾವುದರ ಅಂಚು ತುಂಡಾಗಿದೆಯೋ ಅದು ಮುಂಚಿನದು. ಹತ್ತದೆ ದೂರದಲ್ಲಿದ್ದರೆ ಸವೆತ ಹೋಲಿಸಬಹುದು, ಆದರೆ ಆಳವಾಗಿ ಬಿದ್ದ ಮುದ್ರೆ ಕಡಿಮೆ ಸವೆಯುವುದರಿಂದ ಅದು ಗಟ್ಟಿ ಸಾಕ್ಷಿಯಲ್ಲ.

ಹಂತ 4: ಅಕ್ಷರ ಓದುವುದು

ಲ್ಯಾಂಪನ್ನು ಮೇಜಿನ ಮಟ್ಟಕ್ಕೆ ಇಳಿಸಿ. ಬೆಳಕು ನಾಣ್ಯದ ಮೇಲೆ ಓರೆಯಾಗಿ, ಹೆಚ್ಚೂಕಡಿಮೆ 15–20 ಡಿಗ್ರಿ ಕೋನದಲ್ಲಿ ಹಾಯಬೇಕು. ಲ್ಯಾಂಪ್ ಅಲುಗಿಸದೆ ನಾಣ್ಯವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಎಂಟು ಫೋಟೊ ತೆಗೆಯಿರಿ. ಬೆಳಕಿಗೆ ಅಡ್ಡವಾಗಿರುವ ಗೆರೆ ಮಾತ್ರ ನೆರಳು ಕೊಡುತ್ತದೆ, ಬೆಳಕಿನ ಜತೆಗೇ ಹೋಗುವ ಗೆರೆ ಮಾಯವಾಗುತ್ತದೆ. ಒಂದೇ ಫೋಟೊ ನೋಡಿ ತೀರ್ಮಾನಿಸಿದರೆ ಅರ್ಧ ಅಕ್ಷರ ಕಳೆದುಕೊಂಡಂತೆ. ಫೋಟೊದಲ್ಲಿ ತಗ್ಗು ಉಬ್ಬಾಗಿ ಕಂಡರೆ ಗಾಬರಿಯಾಗಬೇಡಿ. ಬೆಳಕು ಕೆಳಗಿನಿಂದ ಬಂದಾಗ ಕಣ್ಣು ಹಾಗೆ ಮೋಸಹೋಗುತ್ತದೆ. ಚಿತ್ರ ತಲೆಕೆಳಗು ಮಾಡಿ ನೋಡಿ.

ಆಗಲೂ ಓದಲಾಗದಿದ್ದರೆ ಫಾಯಿಲ್. ಗಟ್ಟಿ ಮೇಲ್ಮೈ ಇರುವ ನಾಣ್ಯಕ್ಕೆ ಮಾತ್ರ. ತುಂಡನ್ನು ಮುದ್ರೆಯ ಮೇಲಿಟ್ಟು ಹತ್ತಿ ಸುತ್ತಿದ ಕಡ್ಡಿಯಿಂದ ಮೆಲ್ಲಗೆ ಒತ್ತಿ ತೆಗೆದರೆ, ಕಿಲುಬಿನ ಬಣ್ಣಗಳ ಗೊಂದಲವಿಲ್ಲದೆ ಆಕಾರವೊಂದೇ ಬೆಳ್ಳಗೆ ಕಾಣುತ್ತದೆ.

ಅಕ್ಷರಗಳು ಕೈಕೊಡುವ ರೀತಿ ಬಹುತೇಕ ಒಂದೇ. ‘ಎ’ಯ ಅಡ್ಡಗೆರೆ ಹಲವು ಸಲ ಪಂಚ್‌ನಲ್ಲೇ ಇರುವುದಿಲ್ಲ, ಹಾಗಾಗಿ ಅದು ತಲೆಕೆಳಗಾದ ‘ವಿ’. ‘ಜಿ’ಯ ಬಾಲ ಸವೆದು ‘ಸಿ’ ಆಗುತ್ತದೆ, ಹೀಗಾಗಿ ಎ-ವಿ-ಸಿ ಎಂದು ಕಂಡದ್ದು ಬಹುಪಾಲು ಎ-ವಿ-ಜಿ. ‘ಪಿ’ಯ ಹೊಟ್ಟೆ ತುಂಬಿ ಬರೀ ಕೋಲಾಗುತ್ತದೆ. ಜಾಗ ಉಳಿಸಲು ಅಕ್ಷರ ಹೆಣೆಯುವುದು ಬೇರೆ: ‘ಎಂ’ನ ಕೊನೆಯ ಕಾಲಿಗೇ ‘ಪಿ’ಯ ಹೊಟ್ಟೆ ಅಂಟಿಸಿದ ಐ-ಎಂ-ಪಿ, ‘ವಿ’ಯ ಬಲಗಾಲೇ ‘ಎ’ಯ ಎಡಗಾಲಾಗಿ, ‘ಆರ್’ ಅದಕ್ಕೇ ಹತ್ತಿಕೊಂಡ ವಿ-ಎ-ಆರ್. ಖಚಿತವಾಗಿ ಕಂಡದ್ದನ್ನು ಒಂದು ಬಣ್ಣದಲ್ಲಿ, ಊಹಿಸಿದ್ದನ್ನು ಇನ್ನೊಂದು ಬಣ್ಣದಲ್ಲಿ ಕಾಗದದ ಮೇಲೆ ಬರೆಯಿರಿ. ಕಾಗದದಲ್ಲಿ ಊಹೆಯೇ ಹೆಚ್ಚಿದ್ದರೆ ಅಲ್ಲಿಗೇ ನಿಲ್ಲಿಸಿ, ‘ಓದಲಾಗದ ಆಯತಾಕಾರದ ಮುದ್ರೆ’ ಎಂದು ದಾಖಲಿಸಿ.

ಹಂತ 5: ಗುಂಪಿಗೆ ಸೇರಿಸುವುದು

*ರೈನ್ ಗಡಿ.* ಅಗಸ್ಟಸ್ ಕಾಲದ ಮೇಲ್ಮುದ್ರೆಗಳ ತವರು ಇದು. ಎ-ವಿ-ಜಿ, ಐ-ಎಂ-ಪಿ ಎರಡೂ ಅಲ್ಲಿ ಸಾಮಾನ್ಯ. ‘ಅಗಸ್ಟಸ್’, ‘ಇಂಪೆರಾಟೋರ್’ ಎಂಬ ಬಿರುದುಗಳಷ್ಟೇ ಆದ್ದರಿಂದ ಅವುಗಳನ್ನೇ ಹಿಡಿದು ಒಬ್ಬ ವ್ಯಕ್ತಿಗೆ ಕಟ್ಟಬಾರದು. ವಿ-ಎ-ಆರ್ ಹಾಗಲ್ಲ. ಅದು ಪಬ್ಲಿಯಸ್ ಕ್ವಿಂಕ್ಟಿಲಿಯಸ್ ವಾರುಸ್, ಕ್ರಿ.ಶ. 7ರಿಂದ 9ರವರೆಗೆ ಜರ್ಮೇನಿಯದಲ್ಲಿ ರೋಮನ್ ಸೇನೆಯ ಒಡೆಯ. 9ರಲ್ಲಿ ಟ್ಯೂಟೊಬರ್ಗ್ ಕಾಡಿನಲ್ಲಿ ಲೀಜನ್ ಎಂಬ ಮೂರು ದೊಡ್ಡ ಸೇನಾದಳಗಳ ಜತೆ ನಾಶವಾದವನು. ‘ಸಿ’ಯ ಮುಂದೆ ವಿ-ಎ-ಎಲ್ ಇದ್ದರೆ ಅವನ ಕೈಕೆಳಗಿನ ನುಮೋನಿಯಸ್ ವಾಲ. ಈ ಯುದ್ಧ ನಡೆದ ಜಾಗವೆಂದು ಬಹುತೇಕರು ನಂಬುವ, 1987ರಿಂದ ಹೊರಬಂದ ಕಾಲ್ಕ್ರೀಝ ಯುದ್ಧಭೂಮಿಯ ನಾಣ್ಯಗಳಲ್ಲಿ ಈ ಎರಡೂ ಮುದ್ರೆ ಸಿಕ್ಕಿವೆ, 9ರ ನಂತರದ ನಾಣ್ಯ ಇಲ್ಲ. ಸೈನಿಕರಿಗೆ ಇನಾಮು ಹಂಚುವಾಗ ಹೊಡೆದದ್ದು ಎಂಬ ವಿವರಣೆ ಹೆಚ್ಚು ಒಪ್ಪಿತ, ಅದೇ ಸರಿ ಎನಿಸುತ್ತದೆ. ಹೆಸರಿರುವುದು ಕೊಟ್ಟವನದು, ಬೆಲೆಯ ಮಾತೇ ಇಲ್ಲ.

ಟಿ-ಐ-ಬಿ ಎಂದರೆ ಟೈಬೀರಿಯಸ್. ಜತೆಗೆ ಎ-ವಿ-ಜಿ ಸೇರಿದ್ದರೆ ಕ್ರಿ.ಶ. 14ರ ನಂತರದ್ದು, ಏಕೆಂದರೆ ಅಗಸ್ಟಸ್ ಬಿರುದು ಅವನಿಗೆ ಬಂದದ್ದು ಆಗ. ಟಿ-ಐ-ಸಿ-ಎ ಕಂಡರೆ ಕ್ಲಾಡಿಯಸ್.

*ಕ್ಲಾಡಿಯಸ್ ನಾಣ್ಯಗಳ ಮೇಲಿನವು.* ಪಿ-ಆರ್-ಒ-ಬಿ ಎಂದರೆ ‘ಪರೀಕ್ಷಿಸಿ ಒಪ್ಪಿದೆ’. ಡಿ-ವಿ-ಪಿ ಬೇರೆ ಜಾತಿಯದು: ಗಾಲ್ (ಈಗಿನ ಫ್ರಾನ್ಸ್ ಸುತ್ತಿನ ಪ್ರದೇಶ), ಸ್ಪೇನ್, ಬ್ರಿಟನ್ ಕಡೆ ಸ್ಥಳೀಯವಾಗಿ ಹೊಡೆದ ಹಗುರ ತೂಕದ ಸೆಸ್ಟರ್ಷಿಯಸ್‌ಗಳನ್ನು ಡುಪೊಂಡಿಯಸ್ ಬೆಲೆಗೆ ಇಳಿಸಿದ ಗುರುತು. ಹಂತ 2ರಲ್ಲಿ ಬರೆದಿಟ್ಟ ತೂಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಪೂರ್ತಿ 25 ಗ್ರಾಂ ತೂಗುವ ಸೆಸ್ಟರ್ಷಿಯಸ್ ಮೇಲೆ ಡಿ-ವಿ-ಪಿ ಓದಿದ್ದರೆ ಮತ್ತೊಮ್ಮೆ ಓದಿ.

*ಎನ್-ಸಿ-ಎ-ಪಿ-ಆರ್.* ಮಾರುಕಟ್ಟೆಯಲ್ಲಿ ಹೆಚ್ಚಾಗಿ ಕಾಣುವ ಮುದ್ರೆಗಳಲ್ಲಿ ಇದೂ ಒಂದು. ಉದ್ದನೆಯ ಆಯತ, ಬಹುತೇಕ ಕ್ಲಾಡಿಯಸ್‌ನ ಮತ್ತು ಅವನ ಮನೆಯವರ ಹಿತ್ತಾಳೆ ನಾಣ್ಯಗಳ ಮೇಲೆ. ಮೊದಲ ಮೂರು ಅಕ್ಷರ ನೀರೋ ಸೀಸರ್ ಅಗಸ್ಟಸ್. ಪಿ-ಆರ್ ಅಂದರೆ ‘ಪ್ರೊಬಾವಿಟ್’ (ಒಪ್ಪಿದನು) ಎಂದು ಕೆಲವರು, ‘ರೋಮನ್ ಜನತೆಗೆ’ ಎಂದು ಕೆಲವರು ಬಿಡಿಸುತ್ತಾರೆ. ಹಳೆಯ ನಾಣ್ಯಕ್ಕೇ ಮುದ್ರೆ ಹಾಕಿ ಓಡಿಸಿದ್ದಕ್ಕೆ ಕಾರಣ ಸ್ಪಷ್ಟ: ನೀರೋ 54ರಲ್ಲಿ ಪಟ್ಟಕ್ಕೇರಿದರೂ 62–64ರವರೆಗೆ ರೋಮಿನ ಟಂಕಶಾಲೆ ತಾಮ್ರ, ಹಿತ್ತಾಳೆ ಹೊಡೆದದ್ದು ಇಲ್ಲವೆನ್ನುವಷ್ಟು ಕಡಿಮೆ. ಚಿಲ್ಲರೆಗೆ ಬರ ಬಂದಿತ್ತು.

*68ರ ದಂಗೆ.* ನೀರೋನ ಕತ್ತಿನ ಮೇಲೇ ಎಸ್-ಪಿ-ಕ್ಯೂ-ಆರ್, ಅಂದರೆ ‘ಸೆನೆಟ್ ಮತ್ತು ರೋಮನ್ ಜನತೆ’. ಗಾಲ್‌ನಲ್ಲಿ ಪ್ರಾಂತಾಧಿಕಾರಿ ವಿಂಡೆಕ್ಸ್ ನೀರೋ ವಿರುದ್ಧ ಎಬ್ಬಿಸಿದ ದಂಗೆಗೆ ಇದನ್ನು ಸೇರಿಸುತ್ತಾರೆ. ಇಲ್ಲಿ ಜಾಗವೇ ಅರ್ಧ ಅರ್ಥ ಹೇಳುತ್ತದೆ. ಬಾಲ್ಕನ್ ಕಡೆ ನೀರೋನ ದೊಡ್ಡ ಹಿತ್ತಾಳೆ ನಾಣ್ಯಗಳ ಮೇಲೆ, ಅವನ ನಂತರ ಪಟ್ಟಕ್ಕೇರಿದ ಗಾಲ್ಬನ ಹೆಸರು ಗ್ರೀಕ್ ಅಕ್ಷರದಲ್ಲಿ ಸಿಗುತ್ತದೆ. ಮೊದಲ ಅಕ್ಷರ ಗಾಮಾ, ತಿರುಗಿಸಿದ ‘ಎಲ್’ನಂತಿರುತ್ತದೆ, ಲ್ಯಾಟಿನ್ ಎಂದುಕೊಂಡರೆ ಏನೂ ಹೊಂದುವುದಿಲ್ಲ.

*ಸ್ಪೇನ್ ಮತ್ತು ಜುಡೇಯಾ.* ಸ್ಪೇನಿನ ಊರು ನಾಣ್ಯಗಳ ಮೇಲೆ ಅಕ್ಷರವಿಲ್ಲದ ಹದ್ದಿನ ತಲೆ, ಉತ್ತರದಲ್ಲಿದ್ದ ಸೇನೆಯದು. ಜುಡೇಯಾದಲ್ಲಿ ಎಲ್-ಎಕ್ಸ್-ಎಫ್, ಹತ್ತನೇ ಲೀಜನ್ ಫ್ರೆಟೆನ್ಸಿಸ್. ಕಾಡುಹಂದಿ, ಹಡಗು, ಡಾಲ್ಫಿನ್ ಕೂಡ ಅದರವೇ. ಕ್ರಿ.ಶ. 70ರ ನಂತರ ಈ ಲೀಜನ್ ಜೆರುಸಲೇಮಿನಲ್ಲಿ ನೆಲೆಸಿತ್ತು. ಅದು ಬಳಸಿದ ನಾಣ್ಯಗಳು ಎಷ್ಟು ನುಣ್ಣಗಾಗಿರುತ್ತವೆ ಎಂದರೆ ಮೂಲ ಯಾವುದೆಂದೇ ತಿಳಿಯುವುದಿಲ್ಲ. ಮುದ್ರೆಯೇ ಮೊದಲು ಮಾತಾಡುವ ಅಪವಾದ ಇದೊಂದು.

ಒಂದು ನಾಣ್ಯ, ಮೊದಲಿನಿಂದ ಕೊನೆವರೆಗೆ

ಹೀಗೊಂದು ನಾಣ್ಯ ಮೇಜಿನ ಮೇಲಿದೆ ಎಂದುಕೊಳ್ಳಿ: 25 ಮಿ.ಮೀ., 9.8 ಗ್ರಾಂ, ಅಂಚಿನಲ್ಲಿ ಕೆಂಪು. ಹಾಗಾದರೆ ತಾಮ್ರದ ಆಸ್. ಮುಂಬದಿಯಲ್ಲಿ ಬಲಕ್ಕೆ ನೋಡುವ ತಲೆಯ ನೆರಳು. ಹಿಂಬದಿಯಲ್ಲಿ ಎಡಬಲಕ್ಕೆ ಎರಡು ನೆಟ್ಟಗಿನ ಗೆರೆ, ನಡುವೆ ಚೌಕದ ದಿಮ್ಮಿ: ಕಂಬಗಳು ಮತ್ತು ಬಲಿಪೀಠ. ಲುಗ್ಡುನುಮ್ ಎಂದಾಯಿತು. ಮುಂಬದಿಯ ಅಂಚಿನಲ್ಲಿ ಉಳಿದ ಮೂರು ಅಕ್ಷರ ದೊಡ್ಡವು, ನಡುವೆ ಧಾರಾಳ ಜಾಗ. ಮೊದಲ ಸರಣಿ.

ತಲೆಯ ಹಿಂದೆ ಆಯತವೊಂದರಲ್ಲಿ ಹೆಣೆದ ಎ-ವಿ, ಆಮೇಲೆ ‘ಸಿ’ಯಂಥದ್ದು. ಕತ್ತಿನ ಹತ್ತಿರ ಇನ್ನೊಂದು ಆಯತ, ಅದರ ಮೂಲೆ ಮೊದಲನೆಯದರ ಅಂಚನ್ನು ತಿಂದಿದೆ. ಒಳಗೆ ವಿ-ಎ, ಮುಂದೆ ಹೊಟ್ಟೆಯಿರುವ ಅಕ್ಷರ. ಆ ಹೊಟ್ಟೆಯ ಕೆಳಗೆ ಓರೆಗಾಲು ಇದೆಯೇ? ಎಂಟು ಫೋಟೊಗಳಲ್ಲಿ ಎರಡರಲ್ಲಿ ಕಾಲು ಕಾಣುತ್ತದೆ, ಹಾಗಾಗಿ ‘ಆರ್’. ದಾಖಲೆ ಹೀಗೆ ಬರುತ್ತದೆ: ‘ಲುಗ್ಡುನುಮ್ ಆಸ್, ಬಲಿಪೀಠ, ಮೊದಲ ಸರಣಿ, ಮುಂಬದಿಯಲ್ಲಿ ಎ-ವಿ-ಜಿ, ಅದರ ಮೇಲೆ ಆಮೇಲೆ ಬಿದ್ದ ವಿ-ಎ-ಆರ್, ಎರಡನೆಯದು ಕ್ರಿ.ಶ. 7–9.’ ಎ-ವಿ-ಜಿ ಇದಕ್ಕಿಂತ ಮುಂಚಿನದು ಎಂಬುದೂ ಸಿಕ್ಕಿತು. ಅದೇ ಅಂಚಿನಲ್ಲಿ ‘ಪಾಟ್ರಿಯೆ’ಯ ಒತ್ತೊತ್ತಾದ ಅಕ್ಷರಗಳು ಕಂಡಿದ್ದರೆ? ಆ ನಾಣ್ಯ ವಾರುಸ್ ಸತ್ತ ಮೇಲಿನದು. ಆಗ ಓದಿದ್ದು ತಪ್ಪು, ಇಲ್ಲವೇ ಮುದ್ರೆ ಖೋಟಾ.

ಖೋಟಾ ಮುದ್ರೆ

ವಿ-ಎ-ಆರ್‌ನಂಥ ಮುದ್ರೆಗೆ ಬೇಡಿಕೆ ಹೆಚ್ಚು. ಆದ್ದರಿಂದ ಅಸಲಿ, ಸವೆದ, ಅಗ್ಗದ ನಾಣ್ಯಕ್ಕೆ ಹೊಸ ಪಂಚ್ ಹೊಡೆಯುವವರಿದ್ದಾರೆ. ನಾಣ್ಯವನ್ನೆಷ್ಟು ಪರೀಕ್ಷಿಸಿದರೂ ಅದು ಅಸಲಿಯೇ, ಹಾಗಾಗಿ ತಗ್ಗಿನ ತಳ ನೋಡಿ. ಹೊರಗಿನ ಕಿಲುಬು ಅದೇ ಬಣ್ಣ, ಅದೇ ಗಡಸಿನಲ್ಲಿ ತಗ್ಗಿನೊಳಕ್ಕೂ ಇಳಿದಿರಬೇಕು. ಹೊಸ ಏಟಿಗೆ ಹಳೆಯ ಕಿಲುಬು ಅಂಚಿನಲ್ಲಿ ಸಣ್ಣಗೆ ಬಿರಿದು ಚೂರಾಗಿರುತ್ತದೆ, ತಳ ಬೋಳಾಗಿಯೋ ಬಣ್ಣ ಬಳಿದಂತೆಯೋ ಇರುತ್ತದೆ. ಪಂಚ್ ಒತ್ತಿದಾಗ ಸುತ್ತ ಏಳುವ ಲೋಹದ ದಡವೂ ಹೇಳುತ್ತದೆ: ಅಸಲಿಯಲ್ಲಿ ಅದು ಚಲಾವಣೆಯಲ್ಲಿ ಸವೆದು ನುಣುಪಾಗಿರುತ್ತದೆ, ಹೊಸದರಲ್ಲಿ ಉಗುರಿಗೆ ಸಿಗುವಷ್ಟು ಚೂಪು. ಒಂದೇ ಜಾಗದಲ್ಲಿ, ಒಂದೇ ಓರೆಯಲ್ಲಿ ಮುದ್ರೆ ಇರುವ ಎರಡು ನಾಣ್ಯ ಕಂಡರೆ ಎರಡೂ ಎರಕ ಹೊಯ್ದ ನಕಲಿರಬಹುದು. ಕೈಯಿಂದ ಹೊಡೆದದ್ದು ಹಾಗೆ ಒಂದರಂತೆ ಇನ್ನೊಂದು ಬೀಳುವುದಿಲ್ಲ.

ಕರ್ನಾಟಕದ ಮಟ್ಟಿಗೆ ಇನ್ನೊಂದು ಮಾತು. ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ಸಿಕ್ಕ ಆ ಕಾಲದ ರೋಮನ್ ನಾಣ್ಯಗಳು ಬೆಳ್ಳಿಯ ಡೆನೇರಿಯಸ್‌ಗಳು. ವ್ಯಾಪಾರಕ್ಕೆ ಹಡಗು ಹತ್ತಿದ್ದು ಬೆಳ್ಳಿ-ಬಂಗಾರ. ರೈನ್ ದಂಡೆಯ ಶಿಬಿರದ ಚಿಲ್ಲರೆಗೆ ಇಲ್ಲಿ ಬರಲು ಕಾರಣವಿರಲಿಲ್ಲ. ‘ನಮ್ಮ ಹೊಲದಲ್ಲಿ ಸಿಕ್ಕಿದ್ದು’ ಎಂದು ಮೇಲ್ಮುದ್ರೆಯ ಆಸ್ ಮಾರಲು ಬಂದವರನ್ನು ನಂಬುವ ಮುಂಚೆ ಇದು ನೆನಪಿರಲಿ. ಇಲ್ಲಿ ಸಿಕ್ಕ ಬೆಳ್ಳಿಯ ಮೇಲೆ ಚುಕ್ಕಿಯಂಥ ಸಣ್ಣ ಗುರುತುಗಳಿದ್ದರೆ ಅವು ಲೋಹ ಪರೀಕ್ಷಿಸಿದ ಶರಾಫರ ಗುರುತುಗಳಿರಬಹುದು, ಸೈನ್ಯದ ಮುದ್ರೆಯಲ್ಲ.

ದಾಖಲೆ ಚೀಟಿಯಲ್ಲಿ ಮೂಲ ನಾಣ್ಯ, ತೂಕ, ವ್ಯಾಸ, ಮುದ್ರೆ ಯಾವ ಬದಿಯಲ್ಲಿದೆ, ಆಕಾರ, ಅಳತೆ, ಗಡಿಯಾರದ ಜಾಗ, ಓದಿದ ಅಕ್ಷರ, ಊಹಿಸಿದ ಅಕ್ಷರ, ಬೆನ್ನಿನ ಚಪ್ಪಟೆ ಇದೆಯೋ ಇಲ್ಲವೋ, ಸಿಕ್ಕ ಊರು ಗೊತ್ತಿದ್ದರೆ ಅದು, ಎಲ್ಲವೂ ಇರಲಿ. ಮುದ್ರೆಗಳನ್ನು ಪ್ರದೇಶಗಳಿಗೆ ಹಂಚಿದ್ದೇ ಅವು ಸಿಕ್ಕ ಊರುಗಳಿಂದ, ಹಾಗಾಗಿ ಊರಿನ ಹೆಸರು ಕಳೆದ ನಾಣ್ಯ ಅರ್ಧ ಮೂಕ. ಚೀಟಿಯನ್ನು ಪೆನ್ಸಿಲ್ಲಿನಲ್ಲಿ, ಆಮ್ಲರಹಿತ ಕಾಗದದ ಮೇಲೆ ಬರೆದು ನಾಣ್ಯದ ಜತೆಗೇ ಇಡಿ. ಪಿವಿಸಿ ಪ್ಲಾಸ್ಟಿಕ್ ಕವರ್ ಬೇಡ. ಅದು ಬಿಡುವ ಆಮ್ಲಕ್ಕೆ ಕೆಲವೇ ವರ್ಷಗಳಲ್ಲಿ ನಾಣ್ಯಕ್ಕೆ ಅಂಟು ಹಸಿರು ಹತ್ತುತ್ತದೆ.